ಹಳೇ ಮೈಸೂರು ಜಾವಾ 250: ಯಾವ ಭಾಗ ಯಾವ ಗಾಡಿಯದು?

ಮಾರಾಟಕ್ಕಿಟ್ಟ ಹಳೇ ಜಾವಾ ಬೈಕಿನ ಎದುರಿಗೆ ನಿಂತರೆ ಕಣ್ಣು ಮೊದಲು ಟ್ಯಾಂಕಿನ ಕ್ರೋಮಿಗೆ ಹೋಗುತ್ತದೆ, ಆಮೇಲೆ ಮರೂನ್ ಬಣ್ಣಕ್ಕೆ, ಆಮೇಲೆ ಜೋಡಿ ಸೈಲೆನ್ಸರಿಗೆ. ಮಾರುವವರಿಗೂ ಇದು ಗೊತ್ತು. ದುಡ್ಡು ಸುರಿದಿರುವುದೂ ಈ ಮೂರಕ್ಕೇ. ಆದರೆ ಗಾಡಿಯ ಜಾತಕ ಹೇಳುವ ಭಾಗಗಳು ಇವಲ್ಲ. ಮೂರನ್ನೂ ಒಂದು ವಾರದಲ್ಲಿ ಹೊಸದಾಗಿ ಕೂರಿಸಬಹುದು. ಜಾತಕ ಇರುವುದು ಯಾರೂ ಒರೆಸದ, ಪಾಲಿಶ್ ಹಾಕದ ಮೂಲೆಗಳಲ್ಲಿ.

ಹಳೇ ಮೈಸೂರು ಜಾವಾವನ್ನು ಇವತ್ತು ಕೊಳ್ಳಬಹುದೇ ಎಂದು ಕೇಳಿದರೆ ಉತ್ತರ ಹೌದು. ಗಾಡಿ ಸರಳ, ಗಟ್ಟಿ, ಸ್ಪ್ಯಾನರ್ ಹಿಡಿಯಲು ಬರುವವರು ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳಬಹುದಾದದ್ದು. ಆದರೆ ‘ಪಕ್ಕಾ ಒರಿಜಿನಲ್’ ಎಂದು ಹೇಳಿ ಮಾರುವ ಗಾಡಿಗಳಲ್ಲಿ ಬಹಳಷ್ಟು ಎರಡು ಮೂರು ಗಾಡಿಗಳ ಕೂಡಾವಳಿ. ಅದು ತಪ್ಪೇನಲ್ಲ. ಒರಿಜಿನಲ್ ಬೆಲೆ ಕೇಳುವುದು ತಪ್ಪು.

ಇಷ್ಟು ಕಲಬೆರಕೆ ಯಾಕೆ ಆಗುತ್ತದೆಂದರೆ ಗಾಡಿಯ ಇತಿಹಾಸವೇ ಹಾಗಿದೆ. ಐಡಿಯಲ್ ಜಾವಾ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಗಾಡಿ ತಯಾರಿಸಲು ಶುರುಮಾಡಿದಾಗ ಕೈಗೆತ್ತಿಕೊಂಡದ್ದು ಜೆಕೊಸ್ಲೊವಾಕಿಯಾದ ಜಾವಾ 353 ಮಾದರಿಯನ್ನು. ಒಂದೇ ಸಿಲಿಂಡರ್, 65 ಮಿ.ಮೀ. ಬೋರ್ (ಸಿಲಿಂಡರಿನ ಒಳ ಅಗಲ), 75 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡುವ ದೂರ), ಅಂದರೆ 249 ಸಿಸಿಗೆ ಕೂದಲೆಳೆಯಷ್ಟು ಕಡಿಮೆ. ಸಿಲಿಂಡರ್ ಒಂದಾದರೂ ಎಗ್ಸಾಸ್ಟ್ ಪೋರ್ಟ್ ಎರಡು, ಹಾಗಾಗಿ ಸೈಲೆನ್ಸರೂ ಎರಡು. ನಾಲ್ಕು ಗೇರು, ಕಿಕ್ಕರೂ ಗೇರ್ ಲಿವರೂ ಒಂದೇ. 1973ರಲ್ಲಿ ಹೆಸರು ಯೆಜ್ಡಿ ಆಯಿತು, 1978ರಲ್ಲಿ ಯೆಜ್ಡಿಯ ಹೊಸ ಮಾದರಿ ರೋಡ್‌ಕಿಂಗ್ ಬಂತು, 1996ರಲ್ಲಿ ಕಾರ್ಖಾನೆ ನಿಂತಿತು. ಇಷ್ಟು ವರ್ಷವೂ ಎಂಜಿನ್ನಿನ ಮೂಲ ಒಂದೇ. ಜಾವಾಕ್ಕೆ ಯೆಜ್ಡಿಯದು ಕೂರುತ್ತದೆ, ಮೊದಲ ಮಾದರಿಯಾದ ಎ ಟೈಪಿಗೆ ಆಮೇಲೆ ಬಂದ ಬಿ ಟೈಪಿನದು ಕೂರುತ್ತದೆ, ಕೂರದಿದ್ದರೆ ಒಂದು ಬುಷ್ ಹಾಕಿ ಲೇತಿನವರು ಕೂರಿಸುತ್ತಾರೆ. ಅರವತ್ತು ವರ್ಷದ ಗಾಡಿ ಇನ್ನೂ ರಸ್ತೆ ಮೇಲೆ ಇರುವುದು ಇದರಿಂದಲೇ. ಯಾವ ಗಾಡಿ ಯಾವುದೆಂದು ತಿಳಿಯದೆ ಹೋದದ್ದೂ ಇದರಿಂದಲೇ.

ಇನ್ನೊಂದು ತೊಡಕಿದೆ. ಮೊದಮೊದಲ ಮೈಸೂರು ಗಾಡಿಗಳಿಗೆ ಜೆಕ್ ದೇಶದಿಂದ ಬಂದ ಭಾಗಗಳನ್ನೇ ಜೋಡಿಸುತ್ತಿದ್ದರು. ಹಾಗಾಗಿ 1961–62ರ ಗಾಡಿಯಲ್ಲಿ ಜಿಕೊವ್ ಕಾರ್ಬುರೇಟರ್, ಪಾಲ್ ಗುರುತಿನ ಎಲೆಕ್ಟ್ರಿಕ್ ಸಾಮಾನು ಕಂಡರೆ ಅದು ಬೆರಕೆಯಲ್ಲ, ಹುಟ್ಟುಗುಣ. ಜೆಕ್ ದೇಶದಲ್ಲೇ ತಯಾರಾದ ಭಾಗ ಎಪ್ಪತ್ತರ ದಶಕದ ಗಾಡಿಯಲ್ಲಿ ಕಂಡರೆ ಎಲ್ಲಿಂದ ಬಂತೆಂದು ಕೇಳಬೇಕು. ಮೈಸೂರಿನ ಕಾರ್ಖಾನೆಗೂ ಮೊದಲು, ಐವತ್ತರ ದಶಕದಲ್ಲಿ, ಇಡೀ ಗಾಡಿಯೇ ಆಮದಾಗಿ ಬರುತ್ತಿತ್ತು. ಅವುಗಳಲ್ಲಿ ಜಾವಾ ಹೆಸರಿನ ಜೊತೆ ಚೆಝಡ್ (CZ) ಎಂಬ ಇನ್ನೊಂದು ಜೆಕ್ ಕಂಪನಿಯ ಗುರುತೂ ಇರುವುದುಂಟು. ಆಮದು ಗಾಡಿಗೆ ಬೆಲೆ ಹೆಚ್ಚು, ಅದಕ್ಕೇ ಮೈಸೂರು ಗಾಡಿಗೆ ಆ ಬ್ಯಾಡ್ಜ್ ಅಂಟಿಸುವವರೂ ಇದ್ದಾರೆ. ಬ್ಯಾಡ್ಜನ್ನು ಸಾಕ್ಷಿಯೆಂದು ಹಿಡಿಯಲೇಬೇಡಿ. ಎಂಜಿನ್ ಕವರಿನ ಮೇಲೆ ಎರಕದಲ್ಲೇ ಮೂಡಿದ ಹೆಸರೂ ಅಷ್ಟೇ: ಕೆಲವು ಸ್ಕ್ರೂ ಬಿಚ್ಚಿದರೆ ಕವರು ಕೈಗೆ ಬರುತ್ತದೆ, ಯೆಜ್ಡಿ ಎಂಜಿನ್ನಿಗೆ ಜಾವಾ ಕವರು ಹಾಕಲು ಅರ್ಧ ಗಂಟೆಯ ಕೆಲಸ.

ಕಾಗದದಲ್ಲೂ ಜನ ಎಡವುವ ಒಂದು ಜಾಗವಿದೆ. ಆರ್‌ಸಿಯಲ್ಲಿ ತಯಾರಕರ ಹೆಸರು ‘ಐಡಿಯಲ್ ಜಾವಾ’ ಎಂದು ಬರೆದಿದೆ, ಆದ್ದರಿಂದ ಇದು ಜಾವಾ ಎಂದು ವಾದಿಸುತ್ತಾರೆ. ಕಂಪನಿಯ ಹೆಸರು ಕೊನೆಯವರೆಗೂ ಐಡಿಯಲ್ ಜಾವಾ ಎಂದೇ ಇತ್ತು. 1985ರ ರೋಡ್‌ಕಿಂಗಿನ ಆರ್‌ಸಿಯಲ್ಲೂ ಅದೇ ಇರುತ್ತದೆ. ನೋಡಬೇಕಾದ್ದು ತಯಾರಾದ ವರ್ಷ ಮತ್ತು ಮೊದಲ ನೋಂದಣಿಯ ತಾರೀಖು. 1973 ದಾಟಿ ಕೆಲವು ತಿಂಗಳಾದ ಮೇಲೂ ‘ಜಾವಾ’ ಎಂದರೆ ಶೋರೂಮಿನಲ್ಲಿ ಉಳಿದಿದ್ದ ಗಾಡಿ ಇರಬಹುದು. ಹತ್ತು ವರ್ಷ ಆಚೀಚೆ ಆದರೆ ಆ ಮಾತು ನಡೆಯುವುದಿಲ್ಲ. ನಂಬರ್ ಪ್ಲೇಟೂ ಸ್ವಲ್ಪ ಹೇಳುತ್ತದೆ. ಮೈಸೂರು ರಾಜ್ಯದ ಕಾಲದ ನಂಬರ್ ‘ಎಂವೈ’ ಇಂದ ಶುರುವಾಗುತ್ತಿತ್ತು, ಆಮೇಲೆ ‘ಸಿಎ’ ಥರದವು ಬಂದವು, ‘ಕೆಎ’ ಬಂದದ್ದು 1989ರಲ್ಲಿ. 1965ರ ಗಾಡಿಗೆ ಕೆಎ ನಂಬರ್ ಇದ್ದರೆ ಬೇರೆ ರಾಜ್ಯದಿಂದ ಬಂದು ಮರುನೋಂದಣಿ ಆಗಿರಬಹುದು, ಅದರ ಕಾಗದ ಕೇಳಿ. ಕಾಗದ ಇಲ್ಲದೆ ಬರೀ ಮಾತಿದ್ದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಗಾಡಿಗೆ ಬರೋಣ. ಹೋಗುವಾಗ ಒಂದು ಟಾರ್ಚು, ಸೀಮೆಎಣ್ಣೆ ಅದ್ದಿದ ಬಟ್ಟೆ, ತೆಳು ಬಿಳಿ ಕಾಗದ, ಪೆನ್ಸಿಲ್, ಸಣ್ಣ ಅಯಸ್ಕಾಂತ, ಆರು ಇಂಚಿನ ಸ್ಟೀಲ್ ಸ್ಕೇಲು ಇಟ್ಟುಕೊಳ್ಳಿ. ಹಗಲು ಹೊತ್ತಿನಲ್ಲಿ ಹೋಗಿ. ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಮರೂನೂ ಒಂದೇ ಥರ ಕಾಣುತ್ತದೆ.

ಚಾಸಿ ನಂಬರ್ ಹ್ಯಾಂಡಲ್ ಕೆಳಗೆ ಸ್ಟೀರಿಂಗ್ ಹೆಡ್ಡಿನಲ್ಲಿ ಇರುತ್ತದೆ. ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡು ಒರೆಸಿ, ಕಾಗದ ಒತ್ತಿ ಹಿಡಿದು ಪೆನ್ಸಿಲನ್ನು ಓರೆಯಾಗಿ ಉಜ್ಜಿ, ಆರ್‌ಟಿಓದಲ್ಲಿ ಮಾಡುವ ಹಾಗೆಯೇ. ಬರಿಗಣ್ಣಿಗೆ ಕಾಣದ್ದು ಕಾಗದದ ಮೇಲೆ ಬೀಳುತ್ತದೆ. ಅಕ್ಷರಗಳ ಆಳ ಒಂದೇ ಸಮ ಇದೆಯೇ? ಒಂದೇ ಅಂಕಿ ಎರಡು ಕಡೆ ಬಂದಿದ್ದರೆ ಎರಡರ ಆಕಾರವೂ ಒಂದೇ ಇದೆಯೇ? ಅಂಕಿಗಳ ಸುತ್ತ ಅರ ಎಳೆದಂತೆ ಸಣ್ಣ ಗೆರೆಗಳು ಒಂದೇ ದಿಕ್ಕಿಗೆ ಬಿದ್ದಿದ್ದರೆ, ಹಳೆಯ ನಂಬರ್ ಅರೆದು ಹೊಸದು ಪಂಚ್ ಮಾಡಿದ್ದಾರೆ ಎಂದೇ ಲೆಕ್ಕ. ಅಂಕಿಯ ಹಿನ್ನೆಲೆ ಅಕ್ಕಪಕ್ಕದ ಲೋಹಕ್ಕಿಂತ ಒಂಚೂರು ತಗ್ಗಿದ್ದರೆ ಸ್ಕೇಲನ್ನು ಅಡ್ಡ ಇಟ್ಟು ಟಾರ್ಚ್ ಹಿಂದಿನಿಂದ ಬಿಡಿ, ಸಂದಿಯಲ್ಲಿ ಬೆಳಕು ತೂರುತ್ತದೆ. ಆ ಭಾಗಕ್ಕೆ ಮಾತ್ರ ದಪ್ಪ ಬಣ್ಣ ಬಳಿದಿದ್ದರೂ ಅನುಮಾನಪಡಿ. ಈ ಒಂದು ಪರೀಕ್ಷೆಯಲ್ಲಿ ಫೇಲಾದರೆ ಉಳಿದದ್ದು ನೋಡುವ ಅಗತ್ಯವಿಲ್ಲ. ಚಾಸಿ ನಂಬರ್ ತಿದ್ದಿದ ಗಾಡಿ ಪುಕ್ಕಟೆ ಕೊಟ್ಟರೂ ತಲೆನೋವು.

ಎಂಜಿನ್ ನಂಬರಿಗೂ ಇದೇ ಕ್ರಮ. ಆದರೆ ಎಂಜಿನ್ ನಂಬರ್ ಆರ್‌ಸಿಗೆ ಹೊಂದಿದ ಮಾತ್ರಕ್ಕೆ ಎಂಜಿನ್ ಪೂರ್ತಿ ಅದರದೇ ಎಂದಲ್ಲ. ಕ್ರ್ಯಾಂಕ್‌ಕೇಸ್ ಎಂದರೆ ಎಂಜಿನ್ನಿನ ಬುಡದ ಕವಚ, ಅದು ಎಡ ಬಲ ಎಂದು ಎರಡು ಹೋಳು, ನಂಬರ್ ಇರುವುದು ಒಂದರ ಮೇಲೆ ಮಾತ್ರ. ಚೈನು ತುಂಡಾಗಿ ಒಡೆದೋ, ಬೇರಿಂಗ್ ಸೀಟು ಸವೆದೋ ಒಂದು ಹೋಳು ಹಾಳಾದಾಗ ಗುಜರಿಯಿಂದ ಬೇರೆ ಹೋಳು ತಂದು ಜೋಡಿಸುವುದು ಮಾಮೂಲಿ. ಕಾರ್ಖಾನೆಯಲ್ಲಿ ಎರಡೂ ಹೋಳನ್ನು ಜೋಡಿಯಾಗಿಯೇ ಕಡೆದಿರುತ್ತಾರೆ. ಬೇರೆ ಜೋಡಿಯ ಹೋಳು ಬಂದರೆ ಕೂಡುಗೆರೆ ಸುಳ್ಳು ಹೇಳುವುದಿಲ್ಲ. ಎಂಜಿನ್ನಿನ ಕೆಳಗಿನಿಂದ ಹಿಡಿದು ಬ್ಯಾರೆಲ್ (ಸಿಲಿಂಡರ್) ಕೂರುವ ಜಾಗದವರೆಗೆ ಆ ಗೆರೆಯ ಮೇಲೆ ಉಗುರು ಎಳೆದುಕೊಂಡು ಹೋಗಿ. ಉಗುರು ಎಲ್ಲಿಯೂ ತಡೆಯಬಾರದು. ಬ್ಯಾರೆಲ್ ಬುಡದಲ್ಲಿ ಮೆಟ್ಟಿಲಿನ ಹಾಗೆ ಸಿಕ್ಕಿದರೆ, ಅಲ್ಲಿ ದಪ್ಪ ಪ್ಯಾಕಿಂಗ್ ಮತ್ತು ಗಮ್ ಹಚ್ಚಿ ಮುಚ್ಚಿದ್ದರೆ, ಹೋಳು ಬೇರೆ ಬೇರೆ. ಎರಕದ ಮೈಯ ಒರಟು, ಅಲ್ಯೂಮಿನಿಯಂ ಬಣ್ಣ ಎಡಕ್ಕೊಂದು ಬಲಕ್ಕೊಂದು ಇರುವುದೂ ಸುಳಿವೇ. ಆದರೆ ಈಗೀಗ ಎಲ್ಲವನ್ನೂ ಬ್ಲಾಸ್ಟಿಂಗ್ ಮಾಡಿಸಿ ಒಂದೇ ಬಣ್ಣಕ್ಕೆ ತರುತ್ತಾರೆ, ಹಾಗಾಗಿ ಉಗುರನ್ನೇ ನಂಬಿ.

ಇದು ಬರೀ ಶೋಕಿಯ ವಿಷಯವಲ್ಲ. ಹೋಳುಗಳು ಒಂದಕ್ಕೊಂದು ನೇರ ಕೂರದಿದ್ದರೆ ಕ್ರ್ಯಾಂಕಿನ ಎರಡು ಬದಿಯ ಬೇರಿಂಗ್ ಒಂದೇ ಸಾಲಿಗೆ ಬರುವುದಿಲ್ಲ. ಸೀಲುಗಳು ಬೇಗ ತಿಂದುಹೋಗುತ್ತವೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕ್‌ಕೇಸೇ ಪಂಪು, ಸೀಲು ಹೋದರೆ ಉಸಿರು ಹೋದಂತೆ. ಎಡಗಡೆ, ಕ್ಲಚ್ ಬದಿಯ ಸೀಲು ಹೋದರೆ ಗೇರ್‌ಬಾಕ್ಸಿನ ಆಯಿಲ್ಲು ಒಳಗೆ ಎಳೆದುಕೊಂಡು ಉರಿಯುತ್ತದೆ: ಗಾಡಿ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಗೇರ್ ಆಯಿಲ್ ಮಟ್ಟ ಇಳಿಯುವುದು, ಪ್ಲಗ್ ಒದ್ದೆ. ಬಲಗಡೆ, ಡೈನಮೋ ಬದಿಯ ಸೀಲು ಹೋದರೆ ಗಾಳಿ ಎಳೆಯುತ್ತದೆ: ಆ್ಯಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಮಿಶ್ರಣ ತೆಳುವಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮೊದಲನೆಯದು ಜೇಬಿಗೆ ನಷ್ಟ, ಎರಡನೆಯದು ಎಂಜಿನ್ನಿಗೇ ನಷ್ಟ. ಸೀಲು ಬದಲಾಯಿಸಿ ಆರು ತಿಂಗಳಿಗೇ ಮತ್ತೆ ಹೋಯಿತು ಎನ್ನುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಈ ಕೂಡುಗೆರೆ.

ಬ್ಯಾರೆಲ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂ. ರೋಡ್‌ಕಿಂಗಿನ ಬ್ಯಾರೆಲ್ ಮತ್ತು ಹೆಡ್ಡಿನ ಫಿನ್ನುಗಳ ಆಕಾರವೇ ಬೇರೆ, ಪಕ್ಕದಲ್ಲಿ ಒಂದು ರೋಡ್‌ಕಿಂಗ್ ಫೋಟೋ ಇಟ್ಟುಕೊಂಡರೆ ಮಕ್ಕಳೂ ಗುರುತಿಸುತ್ತಾರೆ. ಹಳೇ ಜಾವಾ 12 ಅಶ್ವಶಕ್ತಿಯದು, ರೋಡ್‌ಕಿಂಗ್ 16ರದು. ಪಿಕಪ್ ಬೇಕೆಂದು ರೋಡ್‌ಕಿಂಗ್ ಎಂಜಿನ್ ಕೂರಿಸಿದ ಜಾವಾ ಓಡಿಸಲು ಮಜವಾಗಿಯೇ ಇರುತ್ತದೆ, ಆದರೆ ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿರಬೇಕು. ಆಯಿಲ್‌ಕಿಂಗ್ ಎಂಬ ಯೆಜ್ಡಿ ಮಾದರಿಗೆ ಪ್ರತ್ಯೇಕ ಆಯಿಲ್ ಪಂಪ್ ಇತ್ತು. ಪಂಪ್ ತೆಗೆದು ಆ ಜಾಗಕ್ಕೆ ತಗಡು ಹೊಡೆದಿರುವುದು ಕಂಡರೆ ಎಂಜಿನ್ನಿನ ಊರು ಗೊತ್ತಾಯಿತು. ಬೋರ್ 65ರಿಂದ ಎಷ್ಟು ಮುಂದೆ ಹೋಗಿದೆ ಎಂದು ಕೇಳಿ. ಹೆಡ್ ಬಿಚ್ಚಲು ಒಪ್ಪಿದರೆ ಪಿಸ್ಟನ್ ತಲೆಯ ಮೇಲೇ ಅಳತೆ ಒತ್ತಿರುವುದುಂಟು. ಹೆಚ್ಚು ಸಲ ರೀಬೋರ್ ಆದ, ಅಂದರೆ ಒಳಮೈ ಕೊರೆದು ಅಗಲಿಸಿದ ಬ್ಯಾರೆಲ್ಲಿಗೆ ಮುಂದೆ ಉಳಿಯುವ ದಾರಿ ಒಳಗೆ ಹೊಸ ಕೊಳವೆ ಕೂರಿಸುವ ಸ್ಲೀವ್ ಒಂದೇ.

ಎಗ್ಸಾಸ್ಟ್ ಪೈಪಿನ ಬಳೆ ನಟ್ಟು ನೋಡಿ. ಅದನ್ನು ಸಿ ಸ್ಪ್ಯಾನರಿನಿಂದ ಬಿಚ್ಚಬೇಕು. ನಟ್ಟಿನ ಹಲ್ಲುಗಳ ಮೇಲೆ ಉಳಿ ಸುತ್ತಿಗೆಯ ಗಾಯ ತುಂಬಿದ್ದರೆ ಒಳಗಿನ ಮರೆಯೂ (ಥ್ರೆಡ್) ಹಾಳಾಗಿರುತ್ತದೆ, ಬ್ಯಾರೆಲ್ಲಿನ ಮರೆ ಹೋದರೆ ಬರೀ ನಟ್ಟು ಹೊಸದು ತಂದು ಪ್ರಯೋಜನವಿಲ್ಲ. ಉಳಿ ಹೊಡೆದ ಮೆಕ್ಯಾನಿಕ್ ಉಳಿದ ಕಡೆ ಹೇಗೆ ಕೆಲಸ ಮಾಡಿರುತ್ತಾನೆ ಎಂಬುದನ್ನೂ ಈ ನಟ್ಟೇ ಹೇಳಿಬಿಡುತ್ತದೆ. ಸೈಲೆನ್ಸರನ್ನು ಬೆರಳಿನಿಂದ ತಟ್ಟಿ: ತಗಡಿನ ಡಬ್ಬದ ಸದ್ದು ಬಂದರೆ ಇತ್ತೀಚೆಗೆ ಮಾಡಿಸಿದ ತೆಳು ಮಾಲು. ಒಳಗಿನ ಬ್ಯಾಫಲ್ ತೆಗೆದಿದ್ದರೆ ಸದ್ದು ಜೋರಾಗುತ್ತದೆ, ಕಡಿಮೆ ವೇಗದಲ್ಲಿನ ಎಳೆತ ಹೋಗುತ್ತದೆ. ಏರು ಹತ್ತುವಾಗ ಮೂರನೇ ಗೇರಿನಲ್ಲಿ ಎಳೆಯಬೇಕಾದ ಗಾಡಿ ಎರಡಕ್ಕೆ ಇಳಿಸಿ ಎನ್ನುತ್ತದೆ.

ಬೋಲ್ಟು ನಟ್ಟುಗಳ ಮೇಲೂ ಒಮ್ಮೆ ಕಣ್ಣಾಡಿಸಿ. ಜಾವಾದಲ್ಲಿ ಎಲ್ಲವೂ ಮಿಲಿಮೀಟರ್ ಲೆಕ್ಕ. ಎನ್‌ಫೀಲ್ಡಿನ ಹಳೇ ಗಾಡಿಗಳ ಇಂಚು ಮರೆಯ ಬೋಲ್ಟು ಇಲ್ಲಿ ಸೇರಿದ್ದರೆ ಒಳಮರೆಯನ್ನು ಟ್ಯಾಪ್ ಹೊಡೆದು ಕೆಡಿಸಿದ್ದಾರೆ ಎಂದರ್ಥ. ಎಂಜಿನ್ ಹಿಡಿದಿಡುವ ಬೋಲ್ಟುಗಳಲ್ಲಿ ಹೀಗಾಗಿದ್ದರೆ ಆ ಎಂಜಿನ್ ಬೇರೆ ಚೌಕಟ್ಟಿನಿಂದ ಬಂದಿರುವ ಸಂಭವ ಜಾಸ್ತಿ.

ಚಕ್ರ ನೋಡಲು ಸುಲಭ, ಆದರೂ ಜನ ಮೋಸ ಹೋಗುತ್ತಾರೆ. ಹಳೇ ಜಾವಾಕ್ಕೆ ಹಿಂದೆ ಮುಂದೆ ಎರಡೂ 3.25–16, ರೋಡ್‌ಕಿಂಗಿಗೆ 18 ಇಂಚಿನ ರಿಮ್ಮು. 16 ಇಂಚಿನ ಟೈರು ಸಿಗುವುದು ಕಷ್ಟ ಎಂದು 18 ಹಾಕಿದವರಿದ್ದಾರೆ. ಅದೇ ಅಗಲದ ಟೈರಾದರೂ ಗಾಡಿ ಒಂದು ಇಂಚು ಮೇಲೇಳುತ್ತದೆ. ಆಗ ಸೆಂಟರ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲ ಬಿಡುವುದಿಲ್ಲ. ಅದಕ್ಕೆ ಸ್ಟ್ಯಾಂಡಿನ ಕಾಲಿಗೆ ತುಂಡು ಕಬ್ಬಿಣ ಬೆಸೆದು ಉದ್ದ ಮಾಡುತ್ತಾರೆ. ಮುಂದೆ ಯಾರೋ ಮತ್ತೆ 16ರ ಚಕ್ರ ಹಾಕಿ ‘ಒರಿಜಿನಲ್’ ಮಾಡುತ್ತಾರೆ, ಆದರೆ ಬೆಸೆದ ಕಾಲು ಹಾಗೇ ಉಳಿದಿರುತ್ತದೆ. ಬಗ್ಗಿ ಸ್ಟ್ಯಾಂಡಿನ ಕಾಲು ನೋಡುವವರು ನೂರಕ್ಕೆ ಒಬ್ಬರೂ ಇಲ್ಲ. ಮಡ್‌ಗಾರ್ಡಿನ ಒಳಮೈಯಲ್ಲಿ ಟೈರು ತಿಕ್ಕಿದ ಗುರುತು, ಅದನ್ನು ಹಿಡಿದಿಡುವ ಸ್ಟೇ ಕಡ್ಡಿಯ ತೂತುಗಳನ್ನು ಉದ್ದಕ್ಕೆ ಕೊರೆದಿರುವುದು, ಬೆಸುಗೆ ಹಾಕಿ ಮುಚ್ಚಿದ ಹಳೇ ತೂತು, ಇವೂ ಅದೇ ಕಥೆಯ ತುಣುಕುಗಳು. ಮುಂದಿನ ಫೋರ್ಕ್ ರೋಡ್‌ಕಿಂಗಿನದಾಗಿದ್ದರೆ ಹೆಡ್‌ಲೈಟ್ ಡೂಮಿನ ಕೆಳಗೆ ಸಂದಿ ಅಸಮವಾಗಿರುತ್ತದೆ, ತಗಡು ಬಗ್ಗಿಸಿ ಕೂರಿಸಿರುವುದು ಕಾಣುತ್ತದೆ.

ಎ ಟೈಪ್, ಬಿ ಟೈಪ್ ಬೆರಕೆ ಹೆಚ್ಚು ಕಾಣುವುದು ಟ್ಯಾಂಕು, ಹೆಡ್‌ಲೈಟ್ ಡೂಮು, ಟೂಲ್‌ಬಾಕ್ಸುಗಳಲ್ಲಿ. ಬರಹ ಓದಿ ಇದನ್ನು ಕಲಿಯುವುದು ಕಷ್ಟ, ಸರಿಯಾದ ಗಾಡಿಗಳನ್ನು ಸಾಲಾಗಿ ನೋಡಬೇಕು. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ ದಿನದಂದು ಬೆಂಗಳೂರು, ಮೈಸೂರಿನ ಕಡೆಯ ಗಾಡಿಗಳು ಒಟ್ಟಿಗೆ ಸೇರುತ್ತವೆ. ಎಡದಿಂದ, ಬಲದಿಂದ, ಟ್ಯಾಂಕಿನ ಮೇಲಿನಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಅಲ್ಲಿ ಬರುವ ಹಿರಿಯ ಮಾಲೀಕರನ್ನು ಕೇಳಿದರೆ ತಮ್ಮ ಗಾಡಿಯಲ್ಲಿ ಯಾವುದು ಬೇರೆಯದು ಎಂದು ತಾವೇ ತೋರಿಸುತ್ತಾರೆ. ನಿಜವಾಗಿ ತಿಳಿದವರು ಮುಚ್ಚಿಡುವುದಿಲ್ಲ.

ಬಣ್ಣದ ವಿಷಯ. ಅಯಸ್ಕಾಂತಕ್ಕೆ ತೆಳು ಬಟ್ಟೆ ಸುತ್ತಿ ಟ್ಯಾಂಕು, ಮಡ್‌ಗಾರ್ಡು, ಟೂಲ್‌ಬಾಕ್ಸಿನ ಮೇಲೆ ಆಡಿಸಿ. ಹಿಡಿತ ಸಡಿಲವಾದ ಕಡೆ ಪುಟ್ಟಿ ತುಂಬಿದೆ. ಟ್ಯಾಂಕಿನ ಹೊಟ್ಟೆಯ ಕೆಳಗೆ, ಹೆಡ್‌ಲೈಟ್ ಒಳಗೆ, ಸೀಟಿನ ಅಡಿಯಲ್ಲಿ ಹಳೇ ಬಣ್ಣ ಉಳಿದಿರುತ್ತದೆ. ಮೂರೂ ಕಡೆ ಮೂರು ಬಣ್ಣ ಸಿಕ್ಕಿದರೆ ಮೂರು ಗಾಡಿ ಎಂದೇ ತಿಳಿಯಿರಿ. ಮಾರುವವರು ಒಪ್ಪಿದರೆ ಕಣ್ಣಿಗೆ ಬೀಳದ ಕಡೆ ಕಾಸಿನಗಲ ಜಾಗವನ್ನು ನೀರು ಕಾಗದದಿಂದ (ವಾಟರ್ ಪೇಪರ್) ಉಜ್ಜಿ, ಪದರಗಳು ಬಳೆಬಳೆಯಾಗಿ ಏಳುತ್ತವೆ. ಚೌಕಟ್ಟಿನ ಕೆಳಪದರ ಕಪ್ಪು, ಟ್ಯಾಂಕಿನದು ಹಸಿರು ಬಂದರೆ ಅವೆರಡೂ ಹುಟ್ಟಿನಿಂದ ಒಟ್ಟಿಗಿದ್ದವಲ್ಲ.

ಎಲೆಕ್ಟ್ರಿಕ್ ಕೆಲಸದಲ್ಲಿ ಮಾತ್ರ ನನ್ನ ತಕರಾರು ಕಡಿಮೆ. ಮೂಲ ಡೈನಮೋ 6 ವೋಲ್ಟಿನದು, ಹೆಡ್‌ಲೈಟ್ ಬೆಳಕು ಮೇಣದಬತ್ತಿಗೆ ಸ್ವಲ್ಪ ಮೇಲು. ಬ್ಯಾಟರಿ ಸೊರಗಿದರೆ ಕಿಡಿಯೂ ಸೊರಗುತ್ತದೆ. 12 ವೋಲ್ಟಿಗೆ ಬದಲಾಯಿಸಿ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಹಾಕಿಸಿದ ಗಾಡಿ ದಿನಬಳಕೆಗೆ ನಿಜಕ್ಕೂ ಮೇಲು. ಆದರೆ ಆರ್ಮೇಚರು, ರೆಗ್ಯುಲೇಟರು ಎಲ್ಲ ಬಿಚ್ಚಿಟ್ಟಿದ್ದಾರೆಯೇ, ಗುಜರಿಗೆ ಹಾಕಿದ್ದಾರೆಯೇ ಕೇಳಿ. ಮೂಲ ಡೈನಮೋ ಇನ್ನೂ ಇದ್ದರೆ ಬಲಗಡೆಯ ಕವರು ತೆಗೆದು ಆರ್ಮೇಚರಿನ ಮೈ ನೋಡಿ. ಒಂದು ಕಡೆ ಮಾತ್ರ ಹೊಳೆಯುವಂತೆ ಉಜ್ಜಿಹೋಗಿದ್ದರೆ ಕ್ರ್ಯಾಂಕಿನ ಆ ತುದಿ ಓಲಾಡುತ್ತಿದೆ, ಬೇರಿಂಗ್ ಕೆಲಸ ಬಂದಿದೆ. ಕಿಡಿ ಹೊಮ್ಮಿಸುವ ಪಾಯಿಂಟಿನ ಸಂದಿ 0.4 ಮಿ.ಮೀ. ಇರಬೇಕು, ಅದನ್ನು ಎಷ್ಟು ಸರಿಮಾಡಿದರೂ ನಿಲ್ಲದಿರುವುದೂ ಇದೇ ರೋಗದ ಲಕ್ಷಣ. ಕಾರ್ಬುರೇಟರ್ ಜಿಕೊವ್ ಬದಲು ಮಿಕಾರ್ಬ್ ಇದ್ದರೆ ಓಡಿಸುವವರಿಗೆ ಲಾಭವೇ, ಬೆಲೆ ಮಾತಾಡುವಾಗ ಮಾತ್ರ ಅದನ್ನು ಎತ್ತಿ.

ಓಡಿಸಿ ನೋಡುವ ಮುನ್ನ ಟ್ಯಾಂಕಿನಲ್ಲಿ ಆಯಿಲ್ ಬೆರೆಸಿದ್ದಾರೆಯೇ ಕೇಳಿಕೊಳ್ಳಿ, ಲೀಟರಿಗೆ 40 ಮಿ.ಲೀ. ಲೆಕ್ಕ. ಎಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿ ನಿಲ್ಲಿಸಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ. ಕಿಕ್ಕರ್ ಹೊಡೆದು ಬಿಟ್ಟ ಲಿವರು ತಾನಾಗಿ ಗೇರಿನ ಜಾಗಕ್ಕೆ ಬಂದು ಕೂರಬೇಕು. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುವುದು ಈ ಗಾಡಿಯ ವಿಶೇಷ: ಕ್ಲಚ್ ಲಿವರಿಗೆ ಕೈ ಹಾಕದೆ ಗೇರ್ ಬದಲಾಯಿಸಿ ನೋಡಿ. ಗರಕ್ ಎಂದರೆ ಒಳಗಿನ ಹೊಂದಾಣಿಕೆ ತಪ್ಪಿದೆ, ಅಥವಾ ಬೇರೆ ಮಾದರಿಯ ಭಾಗ ಸೇರಿದೆ.

50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. 1973ರ ಮೊದಲ ಯೆಜ್ಡಿಗಳೂ ಈಗ ಈ ಲೆಕ್ಕಕ್ಕೆ ಬಂದಿವೆ. ಆದರೆ ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗದೆ ಮೂಲ ಸ್ಥಿತಿಯಲ್ಲಿರಬೇಕು ಎಂಬ ಷರತ್ತಿದೆ, ಈ ನೋಂದಣಿಯ ಮೇಲೆ ದಿನನಿತ್ಯ ಓಡಾಡುವಂತೆಯೂ ಇಲ್ಲ. ಆಫೀಸಿಗೆ ಹೋಗಲು ಕೊಳ್ಳುವವರು ಮಾಮೂಲಿ ಆರ್‌ಸಿ ಚಾಲ್ತಿಯಲ್ಲಿರುವ ಗಾಡಿಯನ್ನೇ ಹುಡುಕಬೇಕು.

ಬೆಲೆ ಮಾತಿಗೆ ಕೂರುವಾಗ ಹೀಗೆ ವಿಂಗಡಿಸಿಕೊಳ್ಳಿ. ಚಾಸಿ ಮತ್ತು ಕ್ರ್ಯಾಂಕ್‌ಕೇಸ್ ಅದರದೇ, ಉಳಿದದ್ದು ಬೆರಕೆ: ಧಾರಾಳವಾಗಿ ಕೊಳ್ಳಿ, ಉಳಿದದ್ದು ನಿಧಾನಕ್ಕೆ ಸಿಗುತ್ತದೆ. ಚಾಸಿ ಅದರದು, ಎಂಜಿನ್ ಬೇರೆ, ಆರ್‌ಸಿಯಲ್ಲಿ ನಮೂದಿದೆ: ಓಡಿಸುವ ಗಾಡಿಯ ಬೆಲೆ ಕೊಡಿ, ಶೋಕೇಸಿನ ಬೆಲೆ ಬೇಡ. ಎಲ್ಲವೂ ಕಣ್ಣಿಗೆ ಸರಿ, ನಂಬರ್ ಮಾತ್ರ ಅನುಮಾನ: ಕಾಫಿ ಕುಡಿದು ಎದ್ದು ಬನ್ನಿ.

ಒಪ್ಪಂದವಾಯಿತು ಎನ್ನಿ. ದುಡ್ಡು ಕೊಡುವ ಮುಂಚೆ ಅಟ್ಟದ ಮೇಲಿನ ಗೋಣಿಚೀಲ ಕೇಳಿ. ಹಳೇ ಜಾವಾ ಇಟ್ಟುಕೊಂಡವರ ಮನೆಯಲ್ಲಿ ಅದು ಇದ್ದೇ ಇರುತ್ತದೆ: ಬಿಚ್ಚಿಟ್ಟ ಡೈನಮೋ, ಒಡೆದ ಕವರು, ತುಕ್ಕು ಹಿಡಿದ ಸೈಲೆನ್ಸರು, ನೆಗ್ಗಿದ ಡೂಮು. ತುಕ್ಕು ಹಿಡಿದಿದೆಯೆಂದು ಬಿಡಬೇಡಿ. ಇಂದು ಗಾಡಿ ಮೇಲಿರುವ ಹೊಳೆಯುವ ಸೈಲೆನ್ಸರಿಗಿಂತ ಚೀಲದಲ್ಲಿರುವುದೇ ಆ ಗಾಡಿಯದಾಗಿರುವ ಸಾಧ್ಯತೆ ಹೆಚ್ಚು, ಮತ್ತು ಅದನ್ನು ಗಾಡಿಯ ಜೊತೆಗೇ ಕೇಳಿದರೆ ಬೇರೆ ದುಡ್ಡು ಕೇಳುವವರು ಕಡಿಮೆ.